ಗಾಲಿಮನೆಯ ಮೂಗು

ಮನೆಗೆ ಬುನಾದಿ ಬೇಕೆಂಬುದು ನಮ್ಮ ಹಿರಿಯರ ನಂಬಿಕೆ. ಪಾಯ ತೋಡಿ, ಪೂಜೆ ಮಾಡಿ, ಮೊದಲ ಕಲ್ಲನ್ನು ಇಟ್ಟ ಮೇಲೆ ಮನೆಯೆಂಬುದು ಅಲ್ಲಿಂದ ಅಲುಗಬಾರದು. ಅಮೆರಿಕದವರಿಗೆ ಈ ಕಟ್ಟುಪಾಡು ಒಪ್ಪಿಗೆಯಾದಂತೆ ಕಾಣುವುದಿಲ್ಲ. ಅಲ್ಲಿ ಮನೆಗಳಿಗೂ ಗಾಲಿಗಳುಂಟು. ಅಡುಗೆಯ ಒಲೆ, ಮಲಗುವ ಮಂಚ, ಸ್ನಾನದ ಕೋಣೆ, ಊಟದ ಮೇಜು ಎಲ್ಲವನ್ನೂ ಒಂದು ಮೋಟಾರು ಬಂಡಿಯೊಳಗೆ ಅಡಕಿ, ಮನಸ್ಸು ಬಂದ ಕಡೆಗೆ ಓಡಿಸಿಕೊಂಡು ಹೋಗುತ್ತಾರೆ. ಇದನ್ನು ಅವರು ಆರ್.ವಿ. ಎಂಬ ಎರಡೇ ಅಕ್ಷರಗಳಲ್ಲಿ ಕರೆದು ಮುಗಿಸುತ್ತಾರೆ. ನನಗೆ ಬಿಡಿ ಅಕ್ಷರಗಳಿಗಿಂತ ಹೆಸರೇ ಇಷ್ಟವಾದುದರಿಂದ ಗಾಲಿಮನೆಯೆಂದು ಕರೆಯುವ ರೂಢಿ ಮಾಡಿಕೊಂಡಿದ್ದೇನೆ.

ನನ್ನ ಮಗಳೂ ಅಳಿಯನೂ ಅರಿಜೋನಾ ಸಂಸ್ಥಾನದ ಫೀನಿಕ್ಸ್ ನಗರದಲ್ಲಿ ಸಂಸಾರ ಹೂಡಿದ್ದಾರೆ. ಅವರು ಇಂಥದೊಂದು ಗಾಲಿಮನೆಯನ್ನು ಕೊಂಡುಕೊಂಡರು. ಹೊಸದಲ್ಲ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿ ಬಂದದ್ದು. ಮಾರಿದವರು, “ಎಲ್ಲವನ್ನೂ ಪರೀಕ್ಷಿಸಿದ್ದೇವೆ” ಎಂದು ಒಂದು ಕಾಗದಕ್ಕೆ ರುಜು ಹಾಕಿ ಕೊಟ್ಟಿದ್ದರಂತೆ. ೨೦೨೩ರ ಅಕ್ಟೋಬರಿನಲ್ಲಿ ನಾನು ಅಲ್ಲಿಗೆ ಹೋದಾಗ, ಅಪ್ಪನಿಗೆ ಗ್ರ್ಯಾಂಡ್ ಕ್ಯಾನ್ಯನ್ ತೋರಿಸುವ ನೆವದಿಂದ ಅದರ ಮೊದಲ ದೂರಪ್ರಯಾಣ ನಿಶ್ಚಯವಾಯಿತು.

ಹೊರಡುವ ಮುನ್ನ ನಾನು ಆ ಮನೆಯನ್ನು ಹೆಣ್ಣು ನೋಡಲು ಬಂದವರಂತೆ ಒಂದೊಂದು ಮೂಲೆಯನ್ನೂ ನೋಡಿದೆ. ಎಲ್ಲಕ್ಕಿಂತ ನನಗೆ ಅಚ್ಚರಿಯೆನಿಸಿದ್ದು ಅದರ ಶೀತಪೆಟ್ಟಿಗೆ. ಅದು ಬೆಂಕಿಯಿಂದ ನಡೆಯುತ್ತದೆ! ಹಿಂಬದಿಯಲ್ಲಿ ಬೆರಳಿನಷ್ಟು ನೀಲಿಜ್ವಾಲೆ ಉರಿಯುತ್ತಿದ್ದರೆ ಮುಂಬದಿಯಲ್ಲಿ ನೀರು ಮಂಜುಗಡ್ಡೆಯಾಗುತ್ತದೆ. ೧೯೨೨ರಲ್ಲಿ ಸ್ವೀಡನ್ನಿನ ಇಬ್ಬರು ತರುಣ ವಿದ್ಯಾರ್ಥಿಗಳು, ಫಾನ್ ಪ್ಲಾಟೆನ್ ಮತ್ತು ಮುಂಟರ್ಸ್ ಎಂಬವರು, ಕಂಡುಹಿಡಿದ ವಿದ್ಯೆಯಂತೆ. ಅದರ ವಿವರವನ್ನು ಅಳಿಯ ಎರಡು ಸಲ ಹೇಳಿದ. ಎರಡು ಸಲವೂ ನಾನು ತಲೆದೂಗಿದೆ. ಅಂತೂ ಶೀತಪೆಟ್ಟಿಗೆ, ಒಲೆ, ಸ್ನಾನದ ಬಿಸಿನೀರು, ಚಳಿಗೆ ಬೆಚ್ಚಗಿಡುವ ಕುಲುಮೆ ಈ ನಾಲ್ಕಕ್ಕೂ ಆಹಾರ ಒಂದೇ: ಮನೆಯ ಹೊರಮೈಗೆ ಬಿಗಿದ ಪ್ರೋಪೇನ್ ಅನಿಲದ ಬುರುಡೆ.

ಈ ಪ್ರೋಪೇನ್ ನಮ್ಮ ಅಡುಗೆ ಅನಿಲದ ಒಡಹುಟ್ಟು. ನಮ್ಮ ಸಿಲಿಂಡರಿನಲ್ಲಿ ಪ್ರೋಪೇನ್, ಬ್ಯೂಟೇನ್ ಎರಡೂ ಬೆರೆತಿರುತ್ತವೆ. ಅವರದರಲ್ಲಿ ಪ್ರೋಪೇನೇ ಪ್ರಧಾನ. ಅದು ಗಾಳಿಗಿಂತ ಒಂದೂವರೆಪಟ್ಟು ಭಾರ. ಸೋರಿದರೆ ಹೊಗೆಯಂತೆ ಮೇಲಕ್ಕೆ ಹೋಗದೆ ನೀರಿನಂತೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿಗಿಂತ ತುಸು ಹೆಚ್ಚಾಗಿ ಬೆರೆತರೆ ಸಾಕು, ಒಂದು ಕಿಡಿಗಾಗಿ ಕಾಯುತ್ತ ಕೂರುತ್ತದೆ. ಚಾವಡಿಯಷ್ಟೂ ಅಗಲವಿಲ್ಲದ, ಕಿಟಕಿಗಳನ್ನು ಬಿಗಿಯಾಗಿ ಮುಚ್ಚಿದ ತಗಡಿನ ಮನೆಯಲ್ಲಿ ಆ ಎರಡು ಪಾಲು ತುಂಬಲು ಬಹಳ ಹೊತ್ತು ಬೇಕಾಗುವುದಿಲ್ಲ. ಆದಕಾರಣ ಅಲ್ಲಿಯ ಗಾಲಿಮನೆಗಳಲ್ಲಿ, ನೆಲದಿಂದ ಗೇಣು ಎತ್ತರದಲ್ಲಿ, ಅಂಗೈಯಗಲದ ಒಂದು ಕಪ್ಪು ಪೆಟ್ಟಿಗೆಯನ್ನು ಗೋಡೆಗೆ ಹುದುಗಿಸಿರುತ್ತಾರೆ. ಅದೇ ಅನಿಲ ಪತ್ತೆಯ ಯಂತ್ರ, ಡಿಟೆಕ್ಟರ್. ಅದಕ್ಕೊಂದು ಹಸಿರು ದೀಪ. ನಾನು ಬಗ್ಗಿ ನೋಡಿದಾಗ ಆ ದೀಪ ಬೆಕ್ಕಿನ ಕಣ್ಣಿನಂತೆ ನನ್ನನ್ನೇ ನೋಡುತ್ತಿತ್ತು.

ಈ ಪೆಟ್ಟಿಗೆಯ ಮೇಲೆ ನನಗೆ ಉಂಟಾದ ವಿಶೇಷ ಆದರಕ್ಕೆ ಒಂದು ಕಾರಣವುಂಟು. ೨೦೨೧ರಲ್ಲಿ ಕೋವಿಡ್ ನಮ್ಮ ಮನೆಗೂ ಬಂದು ಹೋಯಿತು. ಹೋಗುವಾಗ ನನ್ನ ಘ್ರಾಣಶಕ್ತಿಯನ್ನೂ ಕೊಂಡೊಯ್ದಿತು. ಬಹುಮಂದಿಗೆ ಕೆಲವು ವಾರಗಳಲ್ಲಿ ಮರಳಿ ಬಂದಿತಂತೆ. ನನಗೆ ಬರಲಿಲ್ಲ. ಮಲ್ಲಿಗೆ, ಹುರಿದ ಕಾಫಿಬೀಜ, ಮೊದಲ ಮಳೆಯ ಮಣ್ಣು, ಇಂಗಿನ ಒಗ್ಗರಣೆ ಎಲ್ಲವೂ ನನಗೆ ಈಗ ಕೇಳಿದ ಕಥೆಗಳು. ಆಗ ಮನೆಯಲ್ಲಿ ಮೂಗಿನ ಕೆಲಸವನ್ನೆಲ್ಲ ನನ್ನಾಕೆಯೇ ವಹಿಸಿಕೊಂಡಳು. ಹಾಲು ಕೆಟ್ಟಿದೆಯೇ, ಸಾರು ಹಳಸಿದೆಯೇ, ಗ್ಯಾಸ್ ಸರಿಯಾಗಿ ಆರಿದೆಯೇ ಎಂಬುದನ್ನು ನಡುಮನೆಯಲ್ಲಿ ಕೂತೇ ಹೇಳಿಬಿಡುತ್ತಿದ್ದಳು. ೨೦೨೨ರ ಮಾಘಮಾಸದಲ್ಲಿ ಆಕೆ ತೀರಿಕೊಂಡಳು. ಆ ಮೇಲೆ ಬೆಂಗಳೂರಿನ ಮನೆಯಲ್ಲಿ ನಾನೊಬ್ಬ, ಒಂದು ಒಲೆ, ಒಂದು ಸಿಲಿಂಡರು. ಮಗಳಿಗೆ ಅಲ್ಲಿ ನಿದ್ದೆ ಬರುತ್ತಿರಲಿಲ್ಲ. ಅಪ್ಪ ಇನ್ನು ಒಬ್ಬರೇ ಇರಕೂಡದು ಎಂಬ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಆಕೆ ನನ್ನನ್ನು ಕರೆಸಿಕೊಂಡಿದ್ದಳೆಂದು ನನಗೆ ತಿಳಿಯದೆ ಇರಲಿಲ್ಲ. ಇಬ್ಬರೂ ಆ ಮಾತನ್ನು ಎತ್ತದೆ ಗ್ರ್ಯಾಂಡ್ ಕ್ಯಾನ್ಯನ್ನಿನ ಮಾತನ್ನೇ ಆಡುತ್ತಿದ್ದೆವು.

ಅನಿಲಕ್ಕೆ ಸ್ವಂತ ವಾಸನೆಯಿಲ್ಲವೆಂಬುದನ್ನು ಬಹುಜನ ಬಲ್ಲರು. ನಮಗೆ ಬಡಿಯುವ ಆ ಕೊಳೆತ ನಾತ ಬೇಕೆಂದೇ ಬೆರೆಸಿದ್ದು. ಮರ್ಕ್ಯಾಪ್ಟನ್ ಎಂಬ ಗಂಧಕದ ದ್ರವ್ಯ ಅದು. ಗಂಧಕದ ಸಂಬಂಧದಿಂದ ನಮ್ಮ ಇಂಗಿಗೂ ದೂರದ ದಾಯಾದಿ. ಅದನ್ನು ಕಡ್ಡಾಯವಾಗಿ ಬೆರೆಸುವ ಕಾನೂನಿನ ಹಿಂದೆ ಒಂದು ದಾರುಣ ಕಥೆಯಿದೆ. ೧೯೩೭ರ ಮಾರ್ಚ್ ೧೮ರಂದು ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ, ಕಟ್ಟಡದ ಅಡಿಯಲ್ಲಿ ಸೋರಿ ತುಂಬಿದ್ದ ಅನಿಲಕ್ಕೆ ಮರಗೆಲಸದ ವಿದ್ಯುದ್ಯಂತ್ರವೊಂದರ ಕಿಡಿ ತಗಲಿತು. ಮಕ್ಕಳೂ ಉಪಾಧ್ಯಾಯರೂ ಸೇರಿ ಸುಮಾರು ೩೦೦ ಮಂದಿ ಮಡಿದರು. ಅಲ್ಲಿ ಯಾರ ಮೂಗಿಗೂ ಏನೂ ತಿಳಿದಿರಲಿಲ್ಲ, ತಿಳಿಯುವಂತೆಯೂ ಇರಲಿಲ್ಲ. ಆ ಬಳಿಕ ಟೆಕ್ಸಾಸಿನವರು ಅನಿಲಕ್ಕೆ ದುರ್ಗಂಧ ಬೆರೆಸಲೇಬೇಕೆಂದು ವಿಧಿಸಿದರು. ಆದರೆ ಆ ದುರ್ಗಂಧ ಮೂಗಿದ್ದವರಿಗೆ. ನಿದ್ದೆಹೋದವರಿಗೂ, ವಯಸ್ಸಾದವರಿಗೂ, ನನ್ನಂಥವರಿಗೂ ಅದು ಇದ್ದೂ ಇಲ್ಲದಂತೆ.

ಯಂತ್ರದ ಮೂಗನ್ನು ಕೊಟ್ಟವರು ಜಪಾನಿನ ನವೊಯೋಷಿ ತಗುಚಿ. ಅಡುಗೆ ಅನಿಲದ ಸ್ಫೋಟಗಳು ಅಲ್ಲಿಯ ಗೃಹಸ್ಥರನ್ನು ಕಂಗೆಡಿಸುತ್ತಿದ್ದ ೧೯೬೨ರಲ್ಲಿ ಅವರು ಇದರ ಉಪಾಯವನ್ನು ಕಂಡುಕೊಂಡರು. ತವರದ ಆಕ್ಸೈಡಿನ ಒಂದು ಚೂರನ್ನು ಸದಾ ಕಾಯಿಸಿಡುವುದು. ಶುದ್ಧವಾದ ಗಾಳಿಯಲ್ಲಿ ಆಮ್ಲಜನಕವು ಅದರ ಮೈಗಂಟಿಕೊಂಡು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಉರಿಯುವ ಅನಿಲ ಸೋಕಿದೊಡನೆ ಆ ಆಮ್ಲಜನಕ ಅದರೊಡನೆ ಕೂಡಿ ಹೊರಟುಹೋಗುತ್ತದೆ; ವಿದ್ಯುತ್ತು ಸಲೀಸಾಗಿ ಹರಿಯುತ್ತದೆ; ಕಹಳೆ ಕೂಗುತ್ತದೆ. ಅನಿಲವು ಹೊತ್ತಿಕೊಳ್ಳುವ ಮಟ್ಟದ ಕಾಲುಭಾಗವನ್ನು ದಾಟುವ ಮುನ್ನವೇ ಕೂಗಬೇಕೆಂಬುದು ಕಟ್ಟಳೆ. ಸದಾ ಕಾದಿರಬೇಕಾದುದರಿಂದ ಅದಕ್ಕೆ ಹಗಲಿರುಳೂ ವಿದ್ಯುತ್ತು ಬೇಕು. ಗಾಲಿಮನೆಯ ೧೨ ವೋಲ್ಟಿನ ಬ್ಯಾಟರಿ ಅದನ್ನು ಒದಗಿಸುತ್ತದೆ.

ಇಷ್ಟೆಲ್ಲವನ್ನೂ ನಾನು ತಿಳಿದುಕೊಂಡದ್ದು ಮೊದಲ ರಾತ್ರಿ ಕಳೆದ ಮೇಲೆ. ಆ ರಾತ್ರಿಯ ಸಮಾಚಾರ ಹೀಗೆ.

ಫೀನಿಕ್ಸಿನಿಂದ ಸುಮಾರು ೩೭೦ ಕಿಲೋಮೀಟರು ಬಂದು, ಕಂದರದ ದಕ್ಷಿಣದ ಅಂಚಿನಲ್ಲಿ, ಪೈನ್ ಮರಗಳ ನಡುವಿನ ಬಿಡದಿಯಲ್ಲಿ ಬಂಡಿಯನ್ನು ನಿಲ್ಲಿಸಿದ್ದೆವು. ವಿದ್ಯುತ್ತಿನ ಸಂಪರ್ಕವಿಲ್ಲದ ಸ್ಥಳ. ೨,೧೦೦ ಮೀಟರ್ ಎತ್ತರ. ಹಗಲು ಹಿತವಾದ ಬಿಸಿಲು, ಇರುಳು ಮೂಳೆ ಕೊರೆಯುವ ಚಳಿ. ಕುಲುಮೆಯನ್ನು ಹಚ್ಚಿ ಮಲಗಿದೆವು. ನಾಲ್ಕು ವರ್ಷದ ಮೊಮ್ಮಗನಿಗೆ ಕೆಮ್ಮು. ಬಹಳ ಹೊತ್ತು ಅತ್ತು ಆಗತಾನೇ ಕಣ್ಣುಮುಚ್ಚಿದ್ದ. ಸುಮಾರು ಎರಡೂವರೆ ಗಂಟೆಗೆ “ಟಿಕ್” ಎಂದು ಹಕ್ಕಿಮರಿಯಂಥ ಒಂದು ಧ್ವನಿ. ಅರ್ಧ ನಿಮಿಷದ ಮೇಲೆ ಮತ್ತೊಮ್ಮೆ. ನೆಲದ ಬಳಿಯ ದೀಪ ಒಮ್ಮೆ ಕೆಂಪು, ಒಮ್ಮೆ ಹಸಿರು.

ಅಳಿಯ ಎದ್ದ. ದಿನವೆಲ್ಲ ಚಕ್ರ ಹಿಡಿದು ದಣಿದಿದ್ದ ಮನುಷ್ಯ. “ಬ್ಯಾಟರಿ ಇಳಿದಿರಬೇಕು. ಕುಲುಮೆಯ ಬೀಸಣಿಗೆ ಎಲ್ಲವನ್ನೂ ಕುಡಿದುಬಿಡುತ್ತದೆ” ಎಂದು ಗೊಣಗುತ್ತ, ಫ್ಯೂಸು ಕೀಳಲು ಕೈ ಚಾಚಿದ. ಆತನ ಮಾತಿನಲ್ಲಿ ಅರ್ಥವಿಲ್ಲದಿರಲಿಲ್ಲ. ಬ್ಯಾಟರಿ ಇಳಿದಾಗಲೂ ಈ ಯಂತ್ರಗಳು ಹೀಗೆ ಕೂಗುವುದುಂಟು. ನಡುರಾತ್ರಿಯಲ್ಲಿ ತಂತಿಯನ್ನು ಕಿತ್ತು ಬಾಯಿ ಮುಚ್ಚಿಸುವುದು ಆ ದೇಶದಲ್ಲಿ ಅಪರೂಪವೂ ಅಲ್ಲವಂತೆ. ಮಗಳು ಅಡ್ಡ ಬಂದಳು. “ಯಾಕೆ ಕೂಗುತ್ತಿದೆಯೆಂದು ತಿಳಿಯುವವರೆಗೆ ಕೀಳಬೇಡಿ.” ಆತ ನನ್ನ ಕಡೆಗೆ ತಿರುಗಿ, “ನಿಮಗೇನಾದರೂ ವಾಸನೆ...” ಎಂದು ಆರಂಭಿಸಿದವನು ನಾಲಗೆ ಕಚ್ಚಿಕೊಂಡ. ಆತನ ಮೂಗಿಗೂ ನೆಗಡಿ ಕಟ್ಟಿತ್ತು. ಮಗಳು ನೆಲಕ್ಕೆ ಬಾಗಿ ಮೂಸಿ, “ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ” ಎಂದಳು.

ಆಮೇಲೆ ಮಗಳು ಯಾರನ್ನೂ ಕೇಳಲಿಲ್ಲ. ದೀಪದ ಗುಂಡಿಗಳನ್ನು ಮುಟ್ಟಗೊಡಲಿಲ್ಲ. ಮಗುವನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು, ನನ್ನ ಕೈ ಹಿಡಿದು, ಬಾಗಿಲನ್ನು ತೆರೆದೇ ಬಿಟ್ಟು ಎಲ್ಲರನ್ನೂ ಹೊರಗಿಳಿಸಿದಳು. ಅಳಿಯ ಹೊರಗಿನಿಂದ ಬುರುಡೆಯ ಕವಾಟವನ್ನು ತಿರುಗಿಸಿ ಮುಚ್ಚಿದ. ನಕ್ಷತ್ರಗಳು ಕೈಗೆ ನಿಲುಕುವಷ್ಟು ಹತ್ತಿರದಲ್ಲಿದ್ದವು. ಕುದುರೆಯೆತ್ತರದ ಒಂದು ಎಲ್ಕ್ ಜಿಂಕೆ ಹತ್ತು ಮಾರು ದೂರದಲ್ಲಿ ನಿಂತು ನಮ್ಮ ಕುಟುಂಬದ ಅವಸ್ಥೆಯನ್ನು ಮೇವು ಮೆಲ್ಲುತ್ತ ನೋಡುತ್ತಿತ್ತು. ಅರ್ಧ ಗಂಟೆ ಗಾಳಿಯಾಡಿದ ಮೇಲೆ ಒಳಗೆ ಹೋಗಿ, ಕಿಟಕಿಗಳನ್ನು ತೆರೆದಿಟ್ಟುಕೊಂಡೇ, ಇದ್ದಬದ್ದ ಬಟ್ಟೆಗಳನ್ನೆಲ್ಲ ಹೊದ್ದುಕೊಂಡು ಬೆಳಗು ಮಾಡಿದೆವು. ಟಿಕ್ ಎಂಬುದು ಬೆಳಗಿನವರೆಗೂ ನಡೆದೇ ಇತ್ತು. ಗಂಡಹೆಂಡಿರು ಮಾತಾಡಲಿಲ್ಲ.

ಬೆಳಿಗ್ಗೆ ಪಕ್ಕದ ಗಾಲಿಮನೆಯ ವೃದ್ಧರೊಬ್ಬರು ಕಾಫಿಯ ಬಟ್ಟಲು ಹಿಡಿದು ಬಂದರು. ಜೀವಮಾನವೆಲ್ಲ ಯಂತ್ರ ರಿಪೇರಿ ಮಾಡಿ ನಿವೃತ್ತರಾಗಿ, ಒಂದು ಮುದಿ ನಾಯಿಯೊಡನೆ ಊರೂರು ತಿರುಗುತ್ತಿರುವವರು. ರಾತ್ರಿಯ ಗಲಾಟೆಯನ್ನು ಕೇಳಿಸಿಕೊಂಡಿದ್ದರು. “ಅದರ ಬೆನ್ನು ನೋಡಿದಿರಾ?” ಎಂದರು. ನಮಗೆ ಅರ್ಥವಾಗಲಿಲ್ಲ. ಬ್ಯಾಟರಿಗೆ ಮಾಪಕವನ್ನು ಹಚ್ಚಿದರು: ೧೨.೪ ವೋಲ್ಟು, ಅದರಲ್ಲಿ ದೋಷವಿಲ್ಲ. ಎರಡು ತಿರುಪುಗಳನ್ನು ಬಿಚ್ಚಿ ಪೆಟ್ಟಿಗೆಯನ್ನು ಗೋಡೆಯಿಂದ ಹೊರಗೆಳೆದರು. ಬೆನ್ನಿನ ಮೇಲೆ ಚೀಟಿ. ತಯಾರಾದ ವರ್ಷ ೨೦೧೬.

ಆ ಮೂಗಿಗೆ ಆಯುಸ್ಸು ಮುಗಿದಿತ್ತು. ಈ ಯಂತ್ರಗಳು ಮಾದರಿಗೆ ತಕ್ಕಂತೆ ಸಾಮಾನ್ಯವಾಗಿ ಐದರಿಂದ ಏಳು ವರ್ಷ ಬಾಳುತ್ತವೆ. ಸದಾ ಕಾದಿರುವ ತವರದ ಚೂರು ಧೂಳಿನಿಂದಲೂ, ಶುಚಿಮಾಡುವ ದ್ರವಗಳ ಹಬೆಯಿಂದಲೂ, ಸಿಲಿಕೋನ್ ಅಂಟುಮೆತ್ತುಗಳ ಆವಿಯಿಂದಲೂ ಮಂಕಾಗುತ್ತದೆ. ಈಚಿನ ಪೆಟ್ಟಿಗೆಗಳಲ್ಲಿ ಕಾಲವನ್ನೆಣಿಸುವ ಏರ್ಪಾಡಿರುತ್ತದೆ. ಅವಧಿ ಮುಗಿದೊಡನೆ “ನನ್ನನ್ನು ಬದಲಿಸಿ” ಎಂದು ಟಿಕ್ಕೆನ್ನಲು ತೊಡಗುತ್ತವೆ. ಹಳೆಯವು ಅನೇಕಕ್ಕೆ ಆ ಬುದ್ಧಿಯಿಲ್ಲ. ಮೂಗು ಸತ್ತ ಮೇಲೂ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಇಪ್ಪತ್ತು ವರ್ಷದ ಪೆಟ್ಟಿಗೆಯ ಹಸಿರು ದೀಪವನ್ನು ನಂಬಿ ನಿಶ್ಚಿಂತೆಯಿಂದ ಮಲಗುವವರನ್ನು ತಾವು ಕಂಡಿದ್ದೇವೆಂದು ಆ ವೃದ್ಧರು ಹೇಳಿದರು. ಪರೀಕ್ಷೆಯ ಗುಂಡಿಯನ್ನು ವಾರಕ್ಕೊಮ್ಮೆ ಒತ್ತಬೇಕು, ನಿಜ. ಆದರೆ ಅದರಿಂದ ತಿಳಿಯುವುದು ಮುಖ್ಯವಾಗಿ ಕಹಳೆಯೂ ದೀಪವೂ ಸರಿಯಾಗಿವೆಯೆಂದು. ಮೂಗು ಎಷ್ಟು ಮುದಿಯಾಗಿದೆಯೆಂಬುದಕ್ಕೆ ಬೆನ್ನಿನ ತಾರೀಖೇ ಸಾಕ್ಷಿ. “ಎಲ್ಲವನ್ನೂ ಪರೀಕ್ಷಿಸಿದ್ದೇವೆ” ಎಂದು ರುಜು ಹಾಕಿದವರು ಎರಡು ತಿರುಪುಗಳನ್ನು ಬಿಚ್ಚುವ ಶ್ರಮವನ್ನು ಪಡಲಿಲ್ಲವೆಂದು ತೋರುತ್ತದೆ.

ಅಳಿಯ ಮಡದಿಯ ಕಡೆಗೆ, “ನೋಡಿದೆಯಾ, ಸೋರಿಕೆಯಲ್ಲ” ಎಂಬರ್ಥದ ಒಂದು ನಗೆ ಬೀರಿದ. ಅಷ್ಟರಲ್ಲಿ ವೃದ್ಧರು ಬಟ್ಟಲಲ್ಲಿ ಸಾಬೂನಿನ ನೀರನ್ನು ಕಲಸಿ ಹಳೆಯ ಕುಂಚವೊಂದನ್ನು ತಂದರು. ಬುರುಡೆಯ ಕವಾಟವನ್ನು ತೆರೆದು, ಒಂದೊಂದು ಸಂದಿಗೂ ಆ ನೊರೆಯನ್ನು ಬಳಿಯುತ್ತ ಬಂದರು. ಹೊರಗಿನ ಸಂದುಗಳೆಲ್ಲ ಸುಮ್ಮನಿದ್ದವು. ಒಲೆಯ ಹಿಂಬದಿಯ ಕೀಲಿನ ಬಳಿ ಬಂದಾಗ ಒಂದು ಗುಳ್ಳೆ ಎದ್ದಿತು. ಬಟಾಣಿಯಷ್ಟಾಗಿ ಒಡೆಯಿತು. ಮತ್ತೊಂದು ಎದ್ದಿತು.

ಯಾರೂ ಏನೂ ಹೇಳಲಿಲ್ಲ. ಅಳಿಯನೇ ಹೊರಗೆ ಹೋಗಿ ಕವಾಟವನ್ನು ಮುಚ್ಚಿಬಂದ. ಆಮೇಲೆ ಆ ದಿನವೆಲ್ಲ ಮಗುವನ್ನು ಕಂಕುಳಿಂದ ಕೆಳಗಿಳಿಸಲಿಲ್ಲ. ಉಳಿದದ್ದನ್ನೂ ಹೇಳಬೇಕು: ಆ ಸೋರಿಕೆ ಬಹಳ ಸಣ್ಣದು, ಹೊಸ ಯಂತ್ರವಿದ್ದರೂ ಅಂದಿನ ಮಟ್ಟಕ್ಕೆ ಕೂಗುತ್ತಿರಲಿಲ್ಲವೆಂದು ವೃದ್ಧರ ಅಭಿಪ್ರಾಯ. ಪೆಟ್ಟಿಗೆ ಕೂಗಿದ್ದು ತನ್ನ ವಯಸ್ಸನ್ನು ಕುರಿತೇ ಹೊರತು ಅನಿಲವನ್ನು ಕುರಿತಲ್ಲ. ಆದರೆ ದಾರಿಯ ಕುಲುಕಾಟದಲ್ಲಿ ಸಡಿಲವಾಗುತ್ತಿದ್ದ ಆ ಕೀಲು ಇನ್ನೆಷ್ಟು ದಿನ ಸಣ್ಣದಾಗಿಯೇ ಇರುತ್ತಿತ್ತೋ ಹೇಳುವವರಾರು?

ಕಂದರವನ್ನು ನೋಡಿದೆವೇ ಎಂದು ಕೇಳುವಿರಿ. ನೋಡಿದೆವು. ಅಂಚಿನಲ್ಲಿ ನಿಂತು ಒಂದು ಮೈಲಿ ಆಳಕ್ಕೆ ಇಣುಕಿದೆವು. ಅದರ ವರ್ಣನೆಯನ್ನು ನನಗಿಂತ ಸಮರ್ಥರು ಮಾಡಿದ್ದಾರೆ. ನಾವು ಆ ದಿನ ಅದರತ್ತ ಪೂರ್ಣ ಗಮನ ಕೊಟ್ಟೆವೆಂದು ಹೇಳಲಾರೆ.

ಹಿಂದಿರುಗುವಾಗ ಫ್ಲಾಗ್‌ಸ್ಟಾಫ್ ಪಟ್ಟಣದಲ್ಲಿ, ಅನಿಲದ ಕೆಲಸ ಕಲಿತ ಮಿಸ್ತ್ರಿಯೊಬ್ಬನಿಂದ ಕೀಲನ್ನು ಸರಿಮಾಡಿಸಿ, ಹೊಸ ಪೆಟ್ಟಿಗೆಯನ್ನು ಕೊಂಡೆವು. ನೂರು ಡಾಲರಿನೊಳಗೇ ಸಿಕ್ಕಿತು. ಅದರ ತಾರೀಖನ್ನು ಅಂಗಡಿಯಲ್ಲೇ ಬಿಚ್ಚಿ ನೋಡಬೇಕೆಂದೂ, ಅಂಗಡಿಯ ಬೀರುವಿನಲ್ಲಿ ಎರಡು ವರ್ಷ ಕೊಳೆತದ್ದನ್ನು ಕೊಳ್ಳಬಾರದೆಂದೂ ವೃದ್ಧರು ಎಚ್ಚರಿಸಿದ್ದರು. ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯವಾದದ್ದು. ಪೆಟ್ಟಿಗೆಗೆ ಎರಡು ತಂತಿಗಳು: ಕೆಂಪು ಧನ, ಕಪ್ಪು ಋಣ. ಆದರೆ ಅನೇಕ ಗಾಲಿಮನೆಗಳ ಗೋಡೆಯೊಳಗಿನಿಂದ ಬರುವ ತಂತಿಗಳಲ್ಲಿ ಕಪ್ಪೇ ಧನ, ಬಿಳಿಯದು ಋಣ! ಕಪ್ಪಿಗೆ ಕಪ್ಪನ್ನು ಕೂಡಿಸಿದ ಬುದ್ಧಿವಂತನಿಗೆ ಯಂತ್ರ ಕೈಕೊಡುತ್ತದೆ. ಅಳಿಯ ಬ್ಯಾಟರಿಯ ಸಂಪರ್ಕವನ್ನು ತಪ್ಪಿಸಿ ಹಳೆಯ ಪೆಟ್ಟಿಗೆಯನ್ನು ಬಿಡಿಸಿದ. ಬಣ್ಣವನ್ನು ನಂಬದೆ ಮಾಪಕದಿಂದ ಧನ ಋಣಗಳನ್ನು ಗೊತ್ತುಮಾಡಿಕೊಂಡ. ಮತ್ತೆ ವಿದ್ಯುತ್ತನ್ನು ನಿಲ್ಲಿಸಿ ಹೊಸದನ್ನು ಜೋಡಿಸಿದ. ಹಳೆಯ ರಂಧ್ರಕ್ಕೆ ಹೊಸ ಪೆಟ್ಟಿಗೆ ಸರಿಯಾಗಿ ಕೂತಿತು. ವಿದ್ಯುತ್ತು ಕೊಟ್ಟ ಮೇಲೆ ಕೆಲವು ನಿಮಿಷ ಮೈ ಕಾಯಿಸಿಕೊಂಡು ಹಸಿರು ದೀಪ ಹೊತ್ತಿತು. ಹೊರ ಅಂಚಿನ ಮೇಲೆ ಮಗಳು ಮಸಿಯಿಂದ ಬದಲಿಸಬೇಕಾದ ವರ್ಷವನ್ನು ಬರೆದಳು: ೨೦೩೦.

ಅದರ ಆರೈಕೆ ದೊಡ್ಡದೇನಲ್ಲ. ಆಗಾಗ ಸೀಳುಗಂಡಿಗಳ ಧೂಳನ್ನು ಹೀರುಯಂತ್ರದಿಂದ ತೆಗೆಯಬೇಕು, ಒದ್ದೆಬಟ್ಟೆಯಿಂದ ಹೊರಮೈಯನ್ನು ಒರಸಬೇಕು. ಸಾಬೂನು, ಔಷಧ, ಬಣ್ಣ ಇವುಗಳ ಸೋಂಕು ಕೂಡದು. ಕೂದಲಿಗೆ ಸಿಂಪಡಿಸುವ ಪರಿಮಳಕ್ಕೂ, ಮದ್ಯಸಾರಕ್ಕೂ ಅದು ಮೋಸಹೋಗಿ ಕೂಗುತ್ತದೆ. ವೃದ್ಧರ ನಾಯಿ ಅದರ ಮಗ್ಗುಲಲ್ಲೇ ಮಲಗುವ ಪದ್ಧತಿಯಂತೆ. ನಾಯಿಗೆ ಅಜೀರ್ಣವಾದ ರಾತ್ರಿಗಳಲ್ಲಿ ಯಜಮಾನರಿಗೆ ಎಚ್ಚರವಾಗುತ್ತಿತ್ತೆಂದು ಅವರು ಗಂಭೀರವಾಗಿಯೇ ತಿಳಿಸಿದರು. ಬಂಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ ಇದೊಂದೇ ಬ್ಯಾಟರಿಯನ್ನು ಬರಿದುಮಾಡಬಲ್ಲುದು. ಆಗ ಸಂಪರ್ಕ ತಪ್ಪಿಸಿಡಬೇಕು, ಹೊರಡುವ ಮುನ್ನ ಮರೆಯದೆ ಕೂಡಿಸಬೇಕು. ಕಾರ್ಬನ್ ಮಾನಾಕ್ಸೈಡ್ ಎಂಬ ಇನ್ನೊಂದು ಮೌನಶತ್ರುವುಂಟು. ಅದರ ಯಂತ್ರ ಬೇರೆ, ಮಲಗುವ ಸ್ಥಳದ ಹತ್ತಿರ. ಅದಕ್ಕೂ ಬೆನ್ನಿನ ಮೇಲೆ ತಾರೀಖಿದೆ.

ಫ್ಲಾಗ್‌ಸ್ಟಾಫಿನ ಆ ಅಂಗಡಿಯ ಮುಂದೆಯೇ ಮಗಳು ಕೊನೆಗೂ ಮಾತನ್ನು ಎತ್ತಿದಳು. “ಅಪ್ಪ, ನಿಮ್ಮ ಮೂಗಿಗೆ ಏನು ಮಾಡೋಣ? ಇಲ್ಲೇ ಇದ್ದುಬಿಡಿ.”

ನನಗೆ ಎಪ್ಪತ್ತನಾಲ್ಕು ವರ್ಷ. ಆ ಮನೆಯಲ್ಲಿ ನಲವತ್ತು ವರ್ಷ ಬಾಳಿದ್ದೇನೆ. ಬೆಳಗಿನ ಕಾಫಿಯನ್ನು ನನ್ನ ಒಲೆಯ ಮೇಲೆ ನಾನೇ ಇಳಿಸಿಕೊಂಡು, ವಾಸನೆಯಿಲ್ಲದಿದ್ದರೂ ಬಿಸಿಯನ್ನೂ ಕಹಿಯನ್ನೂ ಅನುಭವಿಸುತ್ತ ಆಕೆ ಕೂರುತ್ತಿದ್ದ ಕುರ್ಚಿಯ ಎದುರಿಗೆ ಕುಡಿಯುವುದು ನನಗೆ ಬದುಕಿನ ಸಣ್ಣ ಭಾಗವಲ್ಲ. ಒಲೆಯನ್ನು ಬಿಡು ಎಂದರೆ ಮನೆಯನ್ನು ಬಿಡು ಎಂದಂತೆಯೇ. ಮಗಳ ಭಯ ಸುಳ್ಳೆಂದು ವಾದಿಸಲು ಆ ಗುಳ್ಳೆಯನ್ನು ಕಂಡ ಮೇಲೆ ನನಗೆ ಬಾಯಿಲ್ಲ. ಆದ್ದರಿಂದ ವಾದಿಸದೆ ಚೌಕಾಶಿ ಮಾಡಿದೆ. ನನ್ನ ಅಡುಗೆಮನೆಗೂ ಇಂಥದೊಂದು ಮೂಗು ಬರಲಿ. ಅದರ ಆಯುಸ್ಸಿನ ಲೆಕ್ಕವನ್ನು ಆಕೆಯೇ ಇಡಲಿ. ಯಂತ್ರ ಕೂಗಿದರೆ ನಾನು ಸ್ವಿಚ್ಚು ಮುಟ್ಟದೆ, ರೆಗ್ಯುಲೇಟರು ಮುಚ್ಚಿ, ಕಿಟಕಿ ತೆರೆದು, ಬೀದಿಗಿಳಿದು, ಅಡುಗೆ ಅನಿಲದ ತುರ್ತು ಸಂಖ್ಯೆ ೧೯೦೬ಕ್ಕೆ ದೂರವಾಣಿ ಮಾಡುವೆನು. ಆಕೆ ಬಹಳ ಹೊತ್ತು ಯೋಚಿಸಿದಳು. “ಒಂದು ವರ್ಷ ನೋಡೋಣ” ಎಂದಳು.

ಬೆಂಗಳೂರಿಗೆ ಬಂದ ವಾರದಲ್ಲೇ ೨೩೦ ವೋಲ್ಟಿನ ಯಂತ್ರವೊಂದನ್ನು ಕೊಂಡೆ. ಕೂಡಿಸಲು ಬಂದ ತರುಣ ಏಣಿಯನ್ನು ಹತ್ತಿ ಸೂರಿನ ಬಳಿ ಗುರುತು ಹಾಕತೊಡಗಿದ. ಅವನದೂ ತಪ್ಪಲ್ಲ. ಈಗ ಬೆಂಗಳೂರಿನ ಹಲವು ಬಡಾವಣೆಗಳಿಗೆ ಕೊಳವೆಯಲ್ಲಿ ಬರುವ ಅನಿಲ ಮೀಥೇನು, ಗಾಳಿಗಿಂತ ಹಗುರ. ಅದಕ್ಕೆ ಮೂಗು ಸೂರಿನ ಹತ್ತಿರವೇ ಇರಬೇಕು. ಸಿಲಿಂಡರಿನವನಾದ ನಾನು ಅವನನ್ನು ಕೆಳಗಿಳಿಸಿ ನೆಲದಿಂದ ಗೇಣೆತ್ತರದಲ್ಲಿ ಹಾಕಿಸಿಕೊಂಡೆ. ನೆಲ ಒರಸುವಾಕೆಗೆ ಅದರ ಮೇಲೆ ನೀರು ಎರಚಬಾರದೆಂದೂ, ಬಟ್ಟೆ ಮುಚ್ಚಬಾರದೆಂದೂ ಮೂರು ಸಲ ಹೇಳಬೇಕಾಯಿತು. ಅದೇ ದಿನ ಸಿಲಿಂಡರಿನ ರಬ್ಬರು ಕೊಳವೆಯ ಮೇಲಿನ ವರ್ಷವನ್ನೂ ನೋಡಿದೆ. ಐದು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕಷ್ಟೆ. ಸಿಲಿಂಡರಿನ ಕೊರಳ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಅಕ್ಷರಗಳಲ್ಲೊಂದೂ ಇಸವಿಯೂ ಇರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲಿನಿಂದ ಜೂನ್, ಹೀಗೆ. ಅದು ಮರುಪರೀಕ್ಷೆಯ ಗಡುವು. ಸಿಲಿಂಡರು ತಂದ ಹುಡುಗ ನಾನು ಕನ್ನಡಕ ಹಾಕಿಕೊಂಡು ಅದನ್ನು ಓದುವುದನ್ನು ಕಂಡು, “ಏನ್ ಸಾರ್, ಜಾತಕ ನೋಡ್ತೀರಾ?” ಎಂದು ನಕ್ಕ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ಅಲ್ಲಿ ಶನಿವಾರ ರಾತ್ರಿಯಾಗಿರುವಾಗ, ಮಗಳು ದೂರವಾಣಿಯಲ್ಲಿ ಬರುತ್ತಾಳೆ. ಕ್ಷೇಮಸಮಾಚಾರಕ್ಕೆ ಮೊದಲು ನಾನು ಉಪಕರಣವನ್ನು ಕೈಯಲ್ಲಿ ಹಿಡಿದು ನೆಲದ ಬಳಿ ಬಗ್ಗಿ ಗುಂಡಿಯನ್ನು ಒತ್ತಬೇಕು. ಕಹಳೆ ಕರ್ಣಕಠೋರವಾಗಿ ಕೂಗುತ್ತದೆ. ಪಕ್ಕದ ಮನೆಯವರು ಮೊದಲೆರಡು ವಾರ ಓಡಿಬಂದರು; ಈಗ ಅದನ್ನು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಾರೆ. “ಸರಿ, ಕೇಳಿಸಿತು. ಇನ್ನು ಹೇಳಿ ಅಪ್ಪ, ತಿಂಡಿ ಏನು ಮಾಡಿಕೊಂಡಿರಿ?” ಎನ್ನುತ್ತಾಳೆ.